ಹದಿನಾಲ್ಕನೆಯ ಸಾಲು

ನಾನು ಒತ್ತಿದ್ದು ಒಂದೇ ಗುಂಡಿ.
ರಾತ್ರಿ ಒಂಬತ್ತೂವರೆ, ಹೊರಗೆ ಉತ್ತರದ ಗಾಳಿ,
ಲೋಟದಲ್ಲಿ ಆರಿದ ಕಾಫಿ.
"ಹೊಸ ಆವೃತ್ತಿ ಬಂದಿದೆ. ಮೊದಲು ಟಿಪ್ಪಣಿ ಓದಿ," ಅಂದಿತು ಪರದೆ.
ಓದಿದ್ದೇನೆ ಎಂದು ಒಪ್ಪಿಕೊಂಡೆ.
ಅಷ್ಟು ಸಣ್ಣ ಸುಳ್ಳಿಗೆ
ಯಾರೂ ಸಾಕ್ಷಿ ಕೇಳಲಿಲ್ಲ.

ಫ್ಯಾರೋ ದ್ವೀಪಗಳ ಈ ಬಂದರಿನಲ್ಲಿ
ಮೀನು ತೂಗುವ ಕಚೇರಿ ನನ್ನದು.
ಹದಿನೇಳು ದೋಣಿ, ಒಂದು ಕಂಪ್ಯೂಟರು,
ಅದರ ಬೆನ್ನಿಗೆ ದಪ್ಪ ಬೂದು ತಂತಿ,
ತಂತಿಯ ಆಚೆ ತುದಿಗೆ ತಕ್ಕಡಿ,
ನನ್ನ ಮಗಳಿಗಿಂತ ಎರಡು ವರ್ಷ ಹಿರಿದು.
ಅದು ಕಿಲೋ ಹೇಳುವುದು, ಇದು ಬರೆದುಕೊಳ್ಳುವುದು;
ಇಷ್ಟು ವರ್ಷದ ದಾಂಪತ್ಯದಲ್ಲಿ
ಮಾತಿಗೆ ಮಾತು ಬೆಳೆದದ್ದಿಲ್ಲ.

ಬೆಳಗಿನ ಐದಕ್ಕೆ ರನ್ವಾ ಮೊದಲ ದೋಣಿ ಕಟ್ಟಿದಳು.
ಕಾಡ್ ಮೀನಿನ ನಲವತ್ತು ಪೆಟ್ಟಿಗೆ, ಮಂಜುಗಡ್ಡೆಯ ಹೊಗೆ,
ಅವಳ ಹುಬ್ಬಿನ ಮೇಲೆ ಉಪ್ಪು.
ತಕ್ಕಡಿ ಹೇಳಿತು. ಕಂಪ್ಯೂಟರು ಕೇಳಿಸಿಕೊಳ್ಳಲಿಲ್ಲ.
ಮತ್ತೆ ಹೇಳಿತು.
ಹೊಸ ಬಟ್ಟೆ ತೊಟ್ಟ ಮದುಮಗನ ಹಾಗೆ
ಹೊಳೆಯುತ್ತ ಕೂತಿತ್ತು ಅದು,
ಹಳೆಯ ನಂಟನ್ನೇ ಗುರುತಿಸದೆ.

ಆರಕ್ಕೆ ಹರಾಜು. ಹಿಂದೆ ಆರು ದೋಣಿ ಸಾಲುಗಟ್ಟಿವೆ.
"ಏನು ಮಾಡಿದೆ?" ಅಂದಳು ರನ್ವಾ.
"ನಾನೇನೂ ಮಾಡಿಲ್ಲ. ಅವರು ಕೆಡಿಸಿದ್ದಾರೆ."
ಅವರು ಅಂದರೆ ಯಾರು?
ಅವಳೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.
ಕುಣಿಯಲು ಬಾರದಾಗ ನೆಲಕ್ಕೆ ಹೆಸರು ಬೇಕಾಗುವುದಿಲ್ಲ,
ಡೊಂಕಾಗಿದ್ದರೆ ಸಾಕು.

ಮುದುಕ ತ್ರೋಂದುರ್ ಗೋದಾಮಿನಿಂದ
ಕಬ್ಬಿಣದ ಹಳೆಯ ತಕ್ಕಡಿ ಎಳೆದು ತಂದ,
ಕಿವಿಯ ಹಿಂದಿನ ಪೆನ್ಸಿಲ್ ತೆಗೆದ.
ಬೈಯಲಿಲ್ಲ.
ಐವತ್ತೊಂದು ವರ್ಷ ಕಡಲಲ್ಲಿದ್ದವನು
ಇವತ್ತಿಗೂ ಬಾಗಿಲು ದಾಟುವ ಮುಂಚೆ
ಗೋಡೆಯ ಮೇಲಿನ ಉಬ್ಬರ ಇಳಿತದ ಪಟ್ಟಿಯನ್ನು
ಬೆರಳಿಟ್ಟು ಓದುತ್ತಾನೆ.
ಇನ್ನೂ ಬಾಯಿಪಾಠವಾಗಿಲ್ಲವೆ ನಿನಗೆ, ಎಂದು ಒಮ್ಮೆ ನಕ್ಕಿದ್ದೆ.
"ಓದದೆ ಹೋದವನೂ ವಾಪಸು ಬರುತ್ತಾನೆ.
ಆದರೆ ಅವನನ್ನು ಕರೆತಂದದ್ದು ಕಡಲು,
ಅವನ ಜಾಣತನವಲ್ಲ."

ಮಧ್ಯಾಹ್ನ ಕೂತು ದೂರು ಬರೆದೆ.
"ಒಂದು ಮಾತೂ ಹೇಳದೆ" ಎಂದು ಶುರು ಮಾಡಿ,
"ಬೇಜವಾಬ್ದಾರಿ" ಎಂಬ ಪದಕ್ಕೆ ಅಡಿಗೆರೆ ಎಳೆದು,
ಪುರಾವೆಗೆಂದು ತೆರೆದೆ
ನಿನ್ನೆ ಓದಿದ್ದೇನೆಂದ ಆ ಟಿಪ್ಪಣಿಯನ್ನು.

ಹದಿನಾಲ್ಕನೆಯ ಸಾಲು:
"ಹಳೆಯ ತಂತಿಗಳಿಗಿದ್ದ ಬೆಂಬಲವನ್ನು ಈ ಸಲ ತೆಗೆದಿದ್ದೇವೆ.
ನಿಮ್ಮಲ್ಲಿ ಹಳೆಯ ಪ್ರಿಂಟರೋ ತಕ್ಕಡಿಯೋ ಇದ್ದರೆ
ದಯವಿಟ್ಟು ಈಗಲೇ ಬದಲಿಸಬೇಡಿ."

ತಕ್ಕಡಿಯೋ!
ನನ್ನ ಮುಖ ಕಾಣದ ಯಾರೋ,
ಬಹುಶಃ ತಮ್ಮ ಅಡುಗೆಮನೆಯ ಮೇಜಿನಲ್ಲಿ,
ಮಕ್ಕಳು ಮಲಗಿದ ಮೇಲೆ,
ಈ ಲೋಕದಲ್ಲೆಲ್ಲೋ ಒಂದು ತಕ್ಕಡಿಯಿದೆ,
ಅದರ ಮುಂದೆ ಒಬ್ಬ ಸೋಮಾರಿ ಕೂತಿದ್ದಾನೆ,
ಬೆಳಗಾದರೆ ಅವನೆದುರು ಮೀನು ಬಂದು ಬೀಳುತ್ತದೆ ಎಂದು
ನೆನೆದು ಬರೆದಿದ್ದಾರೆ.
ದಯವಿಟ್ಟು ಎಂದೂ ಸೇರಿಸಿದ್ದಾರೆ.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ.
ಮುಕ್ಕಾಲನ್ನು ನಂಬಿ ಒಕ್ಕಾಲು ಬಿಟ್ಟವನು ನಾನು.
ತಕ್ಕಡಿಯವನಿಗೆ ಗೊತ್ತಿರಬೇಕಿತ್ತು,
ಕಾಲು ಕಿಲೋ ಎಷ್ಟು ಭಾರವೆಂದು.

ದೂರು ಹರಿದೆ. ಎರಡನೆಯ ಚೂರಿನಲ್ಲಿ
"ಬೇಜವಾಬ್ದಾರಿ" ಇಡಿಯಾಗಿ ಉಳಿಯಿತು,
ಅಡಿಗೆರೆ ಸಮೇತ.
ಜೇಬಿಗೆ ಹಾಕಿಕೊಂಡೆ.

ಹಳೆಯದಕ್ಕೆ ಹಿಂದಿರುಗಲು ಮೂರು ದಿನ ಹಿಡಿಯಿತು.
ರನ್ವಾಳ ಲೆಕ್ಕದಲ್ಲಿ ಹನ್ನೊಂದು ಕಿಲೋ ಕಡಿಮೆ ಬಿದ್ದದ್ದನ್ನು
ನನ್ನ ಸಂಬಳದಿಂದ ತುಂಬಿದೆ.
ಅವಳು ಬೇಡವೆನ್ನಲಿಲ್ಲ.

ಈಗ ಮೇ ತಿಂಗಳ ಕೊನೆ, ಪೂರ್ತಿ ಕತ್ತಲಾಗದ ರಾತ್ರಿ.
ಮತ್ತೊಂದು ಆವೃತ್ತಿ ಬಂದಿದೆ.
ಹನ್ನೆರಡು ಪುಟ ಅಚ್ಚು ತೆಗೆದು,
ತ್ರೋಂದುರನ ಪೆನ್ಸಿಲ್ ಎರವಲು ತಂದು
ಬೆರಳಿಟ್ಟು ಓದುತ್ತಿದ್ದೇನೆ.
ಗುಂಡಿ ಒತ್ತಿಲ್ಲ ಇನ್ನೂ.
ಏಳನೆಯ ಪುಟದಲ್ಲಿ ಒಂದು ಪದ
ಅರ್ಥವಾಗಿಲ್ಲ.