ಕಾಯುವವರ ಪಟ್ಟಿ

ಬೆಳಗಿನ ಐದೂಕಾಲು. ಬಫಲೋ ನಗರದ ಡಿಪೋ.
ಹದಿನೇಳನೇ ನಂಬರಿನ ಹಳದಿ ಸ್ಕೂಲ್ ಬಸ್ಸು
ಕೆಮ್ಮಿ, ಇನ್ನೊಮ್ಮೆ ಕೆಮ್ಮಿ, ಹತ್ತಿಕೊಂಡಿತು.
ಎಂಜಿನ್ ಕಾಯಲೆಂದು ನಾನು ಕಾಯುತ್ತೇನೆ.
ಕೈಗವಸಿನ ತುದಿ ಹಲ್ಲಲ್ಲಿ ಕಚ್ಚಿ ಎಳೆದು
ಫೋನಿನ ಗಾಜನ್ನು ಹೆಬ್ಬೆರಳಿಂದ ಕೆಳಕ್ಕೆ ಜಗ್ಗಿ ಬಿಡುತ್ತೇನೆ:
ಪುಟ್ಟ ಚಕ್ರವೊಂದು ಸುತ್ತುತ್ತದೆ. ಏನಿಲ್ಲ.
ಬೂಟಿನ ಅಂಗಡಿಯ ರಿಯಾಯಿತಿ ಒಂದು ಬಂದಿದೆ.

ಏಳು ಅರ್ಜಿ ಹಾಕಿದ್ದೆ ಡಿಸೆಂಬರಿನಲ್ಲಿ,
ಧರ್ಮಗಳ ಅಧ್ಯಯನಕ್ಕೆ. ಒಂದೊಂದಕ್ಕೆ ತೊಂಬತ್ತು ಡಾಲರು,
ಚಳಿಗಾಲದ ಟೈರಿಗೆಂದು ಎತ್ತಿಟ್ಟಿದ್ದ ದುಡ್ಡು.
ಅಜ್ಜಿ ಸ್ತಾನಿಸ್ಲಾವಾ ಜಪಮಣಿ ನಿಲ್ಲಿಸದೆಯೇ ಕೇಳಿದ್ದಳು:
"ಅಷ್ಟು ಓದಿದರೆ ದೇವರು ಹೆಚ್ಚು ಕಾಣಿಸುತ್ತಾನಾ?"
ಇಲ್ಲ ಅಜ್ಜಿ, ನಾನು ಓದುವುದು ದೇವರನ್ನಲ್ಲ,
ಅವನ ದಾರಿ ನೋಡಿದವರನ್ನು.
"ಹಾಗಾದರೆ ನನ್ನನ್ನೇ ಓದು. ಫೀಸಿಲ್ಲ."

ಬರೆದು ಕಳಿಸಿದ ಇಪ್ಪತ್ತು ಪುಟದಲ್ಲಿ
ನೂರೆಂಬತ್ತು ವರ್ಷದ ಹಿಂದಿನ ಒಂದು ಸಣ್ಣ ಪಂಗಡ.
ಅಕ್ಟೋಬರಿನ ಒಂದು ರಾತ್ರಿಗೆ ಲೋಕ ಮುಗಿಯುತ್ತದೆಂದು ಲೆಕ್ಕ ಹಾಕಿ
ಸಾಲ ತೀರಿಸಿ, ಜಗಳ ತೀರಿಸಿ, ಕೋಳಿಗಳನ್ನು ಕೊಟ್ಟುಬಿಟ್ಟು,
ನೆಲದ ಗಡ್ಡೆಯನ್ನು ನೆಲದಲ್ಲೇ ಬಿಟ್ಟು
ಗುಡ್ಡ ಹತ್ತಿ ಕೂತರು. ಮಕ್ಕಳಿಗೆ ನಿದ್ದೆ ಬಂತು.
ಮಂಜು ಬಿತ್ತು.
ಬರಬಾರದಿತ್ತು ಬೆಳಕು. ಬಂತು.

ಟ್ರೈಫೀನಾ ಎಂಬವಳ ದಿನಚರಿಯಲ್ಲಿ ಆ ದಿನಕ್ಕೆ ಇಷ್ಟೇ:
"ಹಸು ಕೂಗುತ್ತಿತ್ತು. ಇಳಿದು ಬಂದು ಹಾಲು ಕರೆದೆ."
ಇಳಿಯುವಾಗ ಅವಳ ಮಂಡಿಗಳು ಏನೆಂದವು?
ಕೊಟ್ಟ ಕೋಳಿಯನ್ನು ವಾಪಸು ಕೇಳುವುದು ಹೇಗೆ?
ಇದಕ್ಕೆ ಐದು ವರ್ಷ, ಒಂದು ಲೈಬ್ರರಿ, ಊಟಕ್ಕಾಗುವಷ್ಟು ಸ್ಟೈಪೆಂಡು.
ನಾನು ಬೇಡಿದ್ದು ಅಷ್ಟು.

ಫೆಬ್ರವರಿಯಲ್ಲಿ ನಾಲ್ಕು "ವಿಷಾದಿಸುತ್ತೇವೆ" ಬಂದವು.
ನಾಲ್ಕಕ್ಕೂ ಒಂದೇ ಹೊಲಿಗೆ: ಅರ್ಹರು ಬಹಳ, ಜಾಗ ಕಡಿಮೆ.
ಸ್ವರ್ಗದ ಬಗ್ಗೆಯೂ ಇದನ್ನೇ ಹೇಳುತ್ತಿದ್ದರು ಚರ್ಚಿನ ಭಾನುವಾರದ ತರಗತಿಯಲ್ಲಿ.
ಐದನೆಯದರಲ್ಲಿ ನನ್ನ ಹೆಸರೇ ತಪ್ಪು;
ಬೇರೆ ಯಾರನ್ನೋ ತಿರಸ್ಕರಿಸಿದ್ದಾರೆಂದು
ಒಂದಿಡೀ ದಿನ ನಂಬಿದ್ದೆ.
ಆರನೆಯದು ಬಾಯೇ ಬಿಡಲಿಲ್ಲ.
ಮೌನವೂ ಉತ್ತರವೆನ್ನುವ ಪಂಗಡಗಳಿವೆ. ನಾನು ಸೇರಿಲ್ಲ.

ಮೂರನೇ ಸ್ಟಾಪಿನಲ್ಲಿ ಎ ಡೋ ಹತ್ತುತ್ತಾನೆ.
ಎರಡನೇ ಕ್ಲಾಸು, ಬೆನ್ನಿಗಿಂತ ದೊಡ್ಡ ಚೀಲ.
ಥಾಯ್ಲೆಂಡಿನ ಗಡಿಯ ಶಿಬಿರದಲ್ಲಿ ಹನ್ನೊಂದು ವರ್ಷ
ಒಂದು ಕಾಗದಕ್ಕೆ ಕಾದವಳು ಅವನ ಅಮ್ಮ,
ಹಿಮದಲ್ಲಿ ಚಪ್ಪಲಿಯಲ್ಲೇ ನಿಂತು ಕೈ ಬೀಸುತ್ತಾಳೆ.
"ಹಲೀನಾ, ನಿನಗೆ ಸ್ಕೂಲು ಸಿಕ್ತಾ?"
ಇನ್ನೂ ಇಲ್ಲ ಕಣೋ.
"ನಮ್ಮ ಸ್ಕೂಲಿಗೇ ಬಾ. ಅಲ್ಲಿ ಯಾರನ್ನೂ ಬೇಡ ಅನ್ನಲ್ಲ."

ಈಸ್ಟರಿಗೆ ಎರಡು ದಿನವಿರುವಾಗ, ಪೋಲಿಷ್ ಸಂತೆಯಲ್ಲಿ
ಅಜ್ಜಿ ಬೆಣ್ಣೆಯ ಕುರಿಮರಿ ಕೊಂಡಳು, ಪ್ರತಿ ವರ್ಷದಂತೆ.
ಕೊರಳಿಗೆ ಕೆಂಪು ರಿಬ್ಬನ್ನು, ಕಣ್ಣಿಗೆ ಎರಡು ಕರಿಮೆಣಸು.
ಕಾರಿನ ಹೀಟರಿಗೆ ಮರಿಯ ಒಂದು ಕಿವಿ ಬಾಗತೊಡಗಿದಾಗ
ಫೋನು ಸದ್ದು ಮಾಡಿತು.
ಏಳನೆಯದು.
ಬೇಡ ಎಂದಿಲ್ಲ. ಬಾ ಎಂದೂ ಇಲ್ಲ.
ಕಾಯುವವರ ಪಟ್ಟಿಯಲ್ಲಿ ನಿಮ್ಮ ಹೆಸರಿದೆ.

ನಗು ಬಂತು; ತಡೆಯಲಾಗಲಿಲ್ಲ. ಅಜ್ಜಿಯ ಜಪಮಣಿ ನಿಂತಿತು.
ಓದಿ ಹೇಳಿದೆ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ
"ಆ ಪಟ್ಟಿ ಬಹಳ ಹಳೇದು," ಅಂದಳು, "ನಾನೂ ಇದ್ದೇನೆ ಅದರಲ್ಲಿ.
ಈಗ ಆ ಹೀಟರು ಆರಿಸು. ಕುರಿ ಕಾಯಬೇಕು."

ಆರಿಸಿದೆ. ಮನೆ ಮುಟ್ಟುವವರೆಗೆ ಇಬ್ಬರ ಬಾಯಲ್ಲೂ ಹಬೆ.
ಬಾಗಿದ ಕಿವಿ ಬಾಗಿದಂತೆಯೇ ಗಟ್ಟಿಯಾಯಿತು.
ಮಂಗಳವಾರ ಮತ್ತೆ ಐದೂಕಾಲಕ್ಕೆ ಬಸ್ಸು.
ಎ ಡೋಗೆ ಏನು ಹೇಳಲೆಂದು ಯೋಚಿಸುತ್ತಾ
ಬುಟ್ಟಿಯನ್ನು ಒಳಗೆ ತಂದೆ.