ಒಡಪು

ಡುಲೂತಿನಲ್ಲಿ ಈ ರಾತ್ರಿ ಮೈನಸ್ ಇಪ್ಪತ್ತಾರು.
ಕಿಟಕಿಯ ಒಳಮೈಗೂ ಹಿಮದ ಪೊರೆ.
ಸರೋವರ ಹೆಪ್ಪುಗಟ್ಟಿದೆ; ಅದಿರಿನ ಹಡಗುಗಳು
ಬಂದರಿನಲ್ಲಿ ಲಂಗರು ಕಚ್ಚಿ ಮಲಗಿವೆ.
ಬೆಳಿಗ್ಗೆ ಆರಕ್ಕೆ ಲ್ಯಾಬಿನಲ್ಲಿ ನನ್ನ ಪಾಳಿ,
ಅಷ್ಟರಲ್ಲಿ ನಾಲ್ಕು ಹಾಳೆಯ ಅರ್ಜಿಯೊಂದು ಅಚ್ಚಾಗಬೇಕು.

ಪ್ರಿಂಟರಿನ ಹೆಸರು ಗುಬ್ಬಿ. ನಾನೇ ಇಟ್ಟದ್ದು,
ಕಾಗದ ಎಳೆಯುವಾಗ ಕೀಚುಗುಟ್ಟುತ್ತದೆಂದು.
ಮೊನ್ನೆಯವರೆಗೂ ಕರೆದರೆ ಓಗೊಡುತ್ತಿತ್ತು.
ಹೊಸ ರೂಟರ್ ಬಂದದ್ದೇ ಬಂದದ್ದು,
ಗುಬ್ಬಿ ಎಂದರೆ ಲಿನಕ್ಸ್ ಹೇಳುತ್ತದೆ:
ಆ ಹೆಸರಿನವರು ಯಾರೂ ಇಲ್ಲ.

ಸಂಖ್ಯೆ ಹಿಡಿದು ಕೂಗಿದೆ,
ನೂರ ತೊಂಬತ್ತೆರಡು, ನೂರ ಅರವತ್ತೆಂಟು, ಒಂದು, ಇಪ್ಪತ್ತಮೂರು.
ಮೂರು ಮಿಲಿಸೆಕೆಂಡಿಗೆ ಉತ್ತರ!
ಇದೆ. ಗೋಡೆಯಾಚೆಯೇ ಇದೆ, ಹಸಿರು ದೀಪ ಹೊತ್ತಿಸಿಕೊಂಡು.

ಟರ್ಮಿನಲ್ ತೆರೆದು ಕಡತ ಓದಿದೆ.
ಮೊದಲ ಸಾಲೇ, ಕೈಯಿಂದ ತಿದ್ದಬೇಡಿ:
ಮಡಿಯಲ್ಲಿದ್ದವರ ಹಾಗೆ, ದೂರ ನಿಲ್ಲು, ಮುಟ್ಟಬೇಡ.
ಕೆಳಗೆ ಒಂದು ವಿಳಾಸ. ಅದೂ ನನ್ನ ಯಂತ್ರದ್ದೇ.
ಯಾರನ್ನು ಕೇಳಲಿ ಎಂದರೆ
ನಿನ್ನನ್ನೇ ಕೇಳಿಕೋ ಎಂದ ಹಾಗೆ.
ಅದು ಹೋಗಿ ರೂಟರನ್ನು ಕೇಳಬೇಕು,
ರೂಟರ್ ಕಣ್ಣು ಮಿಟುಕಿಸಿಕೊಂಡು ಸುಮ್ಮನಿದೆ.

ಜನಗಣತಿಯ ಮಾಸ್ತರ ಹೊಸ್ತಿಲಾಚೆ ನಿಂತು
ಯಜಮಾನರ ಹೆಸರೇನವ್ವಾ ಎಂದಾಗ
ನಮ್ಮಜ್ಜಿ ನೀಲಗಂಗವ್ವ ಸೆರಗು ಕಚ್ಚಿ ಒಡಪು ಹಾಕಿದ್ದಳಂತೆ:
    ಬೆಳ್ಳಿ ಬಟ್ಟಲಾಗ ಬೆಣ್ಣಿ ಕಾಸೀನಿ,
    ಹಳ್ಳದ ದಂಡ್ಯಾಗ ಹೂವ ಪೋಣಿಸೀನಿ,
    ಹೆಸರ ಹೇಳಂದ್ರ...
ಪ್ರಾಸ ಬಂತು, ಹೆಸರು ಬರಲಿಲ್ಲ.
ಪೆನ್ಸಿಲ್ ಹಿಡಿದ ಮಾಸ್ತರ ಕಾದ, ಕಾದ.
ಕೊನೆಗೆ ಪಕ್ಕದ ಮನೆಯ ಕಾಶವ್ವನನ್ನು ಕರೆಸಿ
ಅವಳ ಬಾಯಿಂದ ಹೇಳಿಸಿದಳು.
ಗೊತ್ತಿಲ್ಲದೆ ಅಲ್ಲ.

ಎರಡೂವರೆಗೆ ಗಂಟು ಸಿಕ್ಕಿತು.
ಹೊಸ ರೂಟರಿಗೆ ಒಂಟಿ ಹೆಸರು ಸಲ್ಲದು.
ಗುಬ್ಬಿ ಎಂದರೆ ಯಾರ ಮನೆಯ ಗುಬ್ಬಿ?
ಅಡ್ಡಹೆಸರು ಬೇಕು: ಗುಬ್ಬಿ ಡಾಟ್ ಲ್ಯಾನ್.

ನಕ್ಕೆ, ಒಬ್ಬಳೇ, ಅಡುಗೆಮನೆಯ ಮೇಜಿನ ಮುಂದೆ.
ಜಾತಿಯ ವಾಸನೆ ಬೇಡವೆಂದು ಅಪ್ಪ
ಶಾಲೆಯ ದಾಖಲೆಯಲ್ಲೇ ನನ್ನ ಅಡ್ಡಹೆಸರು ಕತ್ತರಿಸಿದ್ದ.
ವೀಸಾದವರು ಇದ್ದೊಂದನ್ನು ಕೊನೆಗೆ ತಳ್ಳಿ
ಮುಂದೆ ಮೂರಕ್ಷರ ಹಚ್ಚಿದರು: ಮೊದಲ ಹೆಸರು ತಿಳಿದಿಲ್ಲ.
ಲೈಸೆನ್ಸ್ ಕಚೇರಿಯಲ್ಲಿ ಗುಮಾಸ್ತೆ ಕೂಗಿದಳು: ಫ್ನೂ! ಫ್ನೂ!
ಎರಡನೆಯ ಕೂಗಿಗೆ ಎದ್ದು ನಿಂತೆ.
ಏಳು ವರ್ಷ. ಬ್ಯಾಂಕಿಗೆ, ದಂತವೈದ್ಯರಿಗೆ, ಗ್ರಂಥಾಲಯಕ್ಕೆ ಫ್ನೂ.
ಅಚ್ಚಾಗಬೇಕಾದ ಅರ್ಜಿ ಅದರದ್ದೇ.

ಕಡತ ಮುಟ್ಟಲಿಲ್ಲ. ಸಂಪರ್ಕದ ಸೆಟ್ಟಿಂಗಿನಲ್ಲಿ
ಲ್ಯಾನ್ ಎಂದು ಒಂದು ಪದ ಸೇರಿಸಿದೆ,
ಆಫ್ ಮಾಡಿ ಆನ್ ಮಾಡಿದೆ.
ಗುಬ್ಬಿ, ಎಂದೆ, ಬರೀ ಗುಬ್ಬಿ.
ಕೋಣೆಯ ಆ ಮೂಲೆಯಲ್ಲಿ ಕೀಚ್ ಎಂದಿತು.

ಮೂರು ಹಾಳೆ ಬಂದವು, ಮಸಿ ಸ್ವಲ್ಪ ತೆಳು.
ನಾಲ್ಕನೆಯದು, ಸಹಿ ಹಾಕುವ ಹಾಳೆ, ಅರ್ಧಕ್ಕೆ ಸಿಕ್ಕಿಕೊಂಡಿತು.
ಮುಚ್ಚಳ ಎತ್ತಿ, ಎರಡು ಬೆರಳಲ್ಲಿ ಹಿಡಿದು
ಮೆಲ್ಲಗೆ ಎಳೆಯುತ್ತಿದ್ದೇನೆ:
ಬಾ, ಬಾರವ್ವ.