ಎಳೆ ಪರೀಕ್ಷೆ

ಸಂಜೆ ಏಳಕ್ಕೆ ಫಕ್ಕೀರಪ್ಪನ ಬೈಕು ಬಂತು.
ಹಿಂದಿನ ಸೀಟಿಗೆ ಬಿಗಿದ ನೀಲಿ ಡಬ್ಬಿಯೊಳಗೆ
ಹನ್ನೊಂದು ಕೊಳವೆ, ಹನ್ನೊಂದು ಮಂದಿ.
ಮೊದಲ ಚೀಟಿಯಲ್ಲಿ ಆಶಾ ಕಾರ್ಯಕರ್ತೆಯ ಅವಸರದ ಅಕ್ಷರ:
ಅಂಬೂಬಾಯಿ ಬಾಕಳೆ, ಅರವತ್ತೆರಡು, ಹೆಣ್ಣು,
ಬೆಟಗೇರಿ, ಮಗ್ಗದ ಓಣಿ.
ಫಾರಮ್ಮಿನಲ್ಲಿ ಜಾಗವಿಲ್ಲದ್ದನ್ನು ಅಂಚಿನಲ್ಲಿ ಬರೆದಿದ್ದಳು:
ಅಕ್ಕಿ ತೊಳದ ನೀರಿನಂಗ ಹೋಗಾಕತ್ತೈತಿ.

"ಎಲ್ಲಾರೂ ಬುಡ್ಡೇಸಾಬನ ಚಾ ಕುಡದವ್ರ, ಮೇಡಂ,"
ಎಂದ ಫಕ್ಕೀರಪ್ಪ, ಹೆಲ್ಮೆಟ್ಟು ತೆಗೆಯದೆ.
"ಗಾಡಿ ಕೆಡವ್ಯಾರ. ಕಿಟ್ಲಿ ಗಟಾರದಾಗ ಬಿದ್ದೈತಿ."
ನಾನು ಸಹಿ ಮಾಡಿದೆ.
ಸ್ವೀಕರಿಸಿದ ವೇಳೆ: ಏಳು ಹತ್ತು.

ಗಾಜಿನಡಿ ತಲೆಕೆಳಗಾಗಿ ತೂಗುವ ಒಂದು ಹನಿ.
ಕಣ್ಣಿಟ್ಟೆ.
ಅಪ್ಪನ ಮಗ್ಗದ ಲಾಳಿ ನೆನಪಾಯಿತು,
ಅತ್ತಲಿಂದಿತ್ತ, ಇತ್ತಲಿಂದತ್ತ,
ಆದರೆ ನೂಲಿಲ್ಲದ ಲಾಳಿ, ನೇಯುವುದೇನೂ ಇಲ್ಲದ ಓಟ.
ಬಾಗಿದ ಸಣ್ಣ ಮೈ. ಅಲ್ಪವಿರಾಮದ ಆಕಾರ
ಎಂದು ಕಾಲೇಜಿನಲ್ಲಿ ಬರೆಸಿದ್ದರು.
ವಿರಾಮವೆಲ್ಲಿ ಬಂತು ಅದಕ್ಕೆ,
ಅಥವಾ ಈ ರಾತ್ರಿ ಯಾರಿಗೆ?

ಅನುಮಾನವನ್ನು ಅನುಮಾನವೆಂದೇ ಫೋನಿನಲ್ಲಿ ಹೇಳಿದೆ.
"ಖಾತ್ರಿ ಏನು?" ಅಂದರು ಡಾಕ್ಟರು.
"ಒಂದು ರಾತ್ರಿ ಕೊಡ್ರಿ ಸರ್."

ಹಸಿರು ತಟ್ಟೆಗಳ ಮೇಲೆ ಗೀರೆಳೆದು
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟೆ,
ಜ್ವರವಿಲ್ಲದ ಮೈಯಷ್ಟೇ ಬೆಚ್ಚಗೆ.
ಉಣ್ಣಲು ಸಕ್ಕರೆ ಬೆರೆಸಿದ್ದೇವೆ;
ಉಂಡವರು ತಾವಾಗಿ ಬಣ್ಣ ಬಿಡುತ್ತಾರೆ.
ಪಕ್ಕದಲ್ಲಿ ನೀರಿನ ಬಾಟಲಿಗಳು:
ಓಣಿಯ ಬಾಯಿಯ ನಳ, ಬಾಕಳೆಯವರ ಬ್ಯಾರಲ್ಲು,
ಗಟಾರದ ಬಗಲಿನ ವಾಲ್ವಿನ ಗುಂಡಿ,
ಬುಡ್ಡೇಸಾಬನ ಹಂಡೆಯ ತಳದಲ್ಲಿ ಉಳಿದದ್ದು.
ಹೊಲಸು ಸೇರಿದ್ದರೆ ಕಪ್ಪಾಗುತ್ತವೆ.

ನಸುಕಿನ ಮೂರೂವರೆಗೆ ಫೋನು.
ಒಂದನೇ ನಂಬರಿನ ಹಾಸಿಗೆ ಖಾಲಿಯಾಗಿತ್ತು.
ಒಂದನೇ ನಂಬರಿನ ತಟ್ಟೆ ಬೆಳೆಯುತ್ತಲೇ ಇತ್ತು.

ಬೆಳಗಾದಾಗ ಹಸಿರಿನ ಮೇಲೆಲ್ಲ ಹಳದಿ.
ಹೂಬಿಟ್ಟ ಕುಸುಬಿ ಹೊಲ ಎಂದು ಬರೆಯಬಹುದಿತ್ತು.
ಬೇಡ. ಹಳದಿ, ಚಪ್ಪಟೆ, ಹೊಳಪು.
ಒಂದು ಚುಕ್ಕೆಯನ್ನು ಮದ್ದಿನ ಹನಿಯಲ್ಲಿ ಕದಡಿ
ತಂತಿಯನ್ನು ಮೆಲ್ಲಗೆ ಮೇಲೆತ್ತಿದೆ.
ಎದ್ದು ಬಂತು ಎಳೆ,
ಲೋಳೆಯ ಎಳೆ, ಎತ್ತಿದಷ್ಟೂ ಬರುವ, ಕಡಿಯದ ಎಳೆ.
ಅಂಬೂಬಾಯಿಯನ್ನು ನಾನು ಕಂಡವಳಲ್ಲ.
ಆ ಓಣಿಯ ಕೈಗಳು ಗೊತ್ತು,
ಕಂಡಿಕೆ ಸುತ್ತಿ ಸುತ್ತಿ ಹೆಬ್ಬೆರಳಿಗೆ ಗೀರು ಬಿದ್ದ ಕೈಗಳು,
ಕಡಿದ ಎಳೆಯನ್ನು ನೋಡದೆಯೇ ಗಂಟುಹಾಕುವ ಕೈಗಳು.

ಆಮೇಲೆ ಸೀರಮ್ಮಿನ ಹನಿ.
ಹುಳಿ ಬಿದ್ದ ಹಾಲಿನಂತೆ ಒಡೆಯಿತು.
ಕಾಲರಾ. ಪ್ರಕಾರ: ಒಗಾವಾ.
ಜಪಾನಿನವರ ಮಾತಿನಲ್ಲಿ ಸಣ್ಣ ಹೊಳೆ ಅಂತ ಅರ್ಥವಂತೆ.
ಹೊಳೆಯಿಲ್ಲದ ನಮ್ಮೂರಿಗೆ
ಪೈಪಿನೊಳಗಿಂದ ಬಂದ ಹೊಳೆ.

ಸಂಜೆಗೆ ಬಾಟಲಿಗಳೂ ಬಾಯಿಬಿಟ್ಟವು.
ನಳ ಕಪ್ಪು. ಬ್ಯಾರಲ್ಲು ಕಪ್ಪು.
ವಾಲ್ವಿನದು ಕಾಡಿಗೆ.
ಬುಡ್ಡೇಸಾಬನದು ಮಾತ್ರ ಇಟ್ಟ ಹಾಗೇ ಇತ್ತು.
ನಸುಕಿನ ನಾಲ್ಕಕ್ಕೆ ಒಲೆ ಹಚ್ಚಿ
ಓಣಿಯಲ್ಲಿ ನೀರು ಕುದಿಸುತ್ತಿದ್ದವನು ಅವನೊಬ್ಬನೇ.
ಉರುಳಿಬಿದ್ದ ಗಾಡಿಗೆ ವರದಿಯಲ್ಲಿ ಕಾಲಮ್ಮಿಲ್ಲ.
ಆಶಾ ಬರೆದಂತೆ ನಾನೂ ಅಂಚಿನಲ್ಲಿ ಬರೆದೆ:
ಚಾ ಗಾಡಿಯ ನೀರಿನಲ್ಲಿ ದೋಷವಿಲ್ಲ.
ಅಡಿಗೆರೆ ಎರಡು ಸಲ ಎಳೆದೆ, ಪೆನ್ನು ಕಾಗದ ಹರಿಯುವಷ್ಟು.

ಫಕ್ಕೀರಪ್ಪ ಓದಿದ. ಮಡಚಿದ. ಮತ್ತೆ ಬಿಚ್ಚಿ ಓದಿದ.
"ಕಿಟ್ಲಿ ನಾನರ ಎತ್ತಿಡಬೇಕಿತ್ರಿ," ಅಂದ.

ಮನೆಗೆ ಹೋದರೆ ಒಂಬತ್ತು ದಿನದ ಮೇಲೆ ನಳ ಬಂದಿತ್ತು.
ಕೊಡದ ಸದ್ದು, ಬಕೀಟಿನ ಸದ್ದು, ಓಣಿಯೆಲ್ಲ ಓಡಾಟ.
ಮೊದಲ ಕೊಡವನ್ನು ಬೆಳಕಿಗೆ ಹಿಡಿದು ನಿಂತೆ.
ಗೋಡೆಯಾಚೆಯಿಂದ ಶೇವಂತವ್ವ ಕೇಳಿದಳು,
"ಲ್ಯಾಬಿನಾಕಿ, ನೀರು ಛಲೋ ಅದಾವೇನವಾ?"

ತಿಳಿಯಾಗಿಯೇ ಇತ್ತು ನೀರು, ನನ್ನ ಮುಖ ಕಾಣುವಷ್ಟು.

"ಒಲಿ ಹಚ್ಚಬೇ," ಅಂದೆ.
"ನಾಳೆ ಸಂಜೀಕ ಹೇಳತೀನಿ."